ಕಾಣದ ಫಲಕ್ಕೆ ಕಾಣಿಕೆ: ನಾಯಿಗಳ ಸಂತಾನ ನಿಯಂತ್ರಣ ಕಾರ್ಯವು ದಕ್ಷಿಣ ದೇಶದಲ್ಲಿ ದ್ರವ್ಯಬಲವನ್ನು ಪಡೆದುಕೊಂಡ ಬಗೆ

ಮಂಡ್ಯ ಸೀಮೆಯ ಆತಕೂರಿನಲ್ಲಿ ಚಲ್ಲೇಶ್ವರ ದೇವಾಲಯದ ಮುಂದೆ ಕ್ರಿ.ಶ. 949–50ರ ಸುಮಾರಿನಲ್ಲಿ ನೆಟ್ಟಿದ್ದು, ಅನಂತರ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ತಂದಿರಿಸಲ್ಪಟ್ಟ ಶಿಲಾಶಾಸನವೊಂದನ್ನು ಚರಿತ್ರಕಾರರು ತಕ್ಕೋಲದ ಮಹಾಯುದ್ಧದ ಸಾಕ್ಷ್ಯವೆಂದು ಬಹುಕಾಲದಿಂದ ಆದರಿಸುತ್ತ ಬಂದಿದ್ದಾರೆ. ಆದರೆ ಆ ಕಲ್ಲು ನೆಟ್ಟುದು ರಾಜರ ಜಯವನ್ನು ಸಾರುವುದಕ್ಕೋಸ್ಕರವಲ್ಲ, ಒಂದು ನಾಯಿಯ ನೆನಪನ್ನು ಉಳಿಸುವುದಕ್ಕೋಸ್ಕರ ಎಂಬ ಸಂಗತಿಯನ್ನು ಎಷ್ಟೋ ಜನ ಮರೆತಿದ್ದಾರೆ. ಗಂಗರ ಬೂತುಗನ ಆಪ್ತನಾದ ಮಣಲೆರನೆಂಬ ವೀರನು ಯುದ್ಧದಲ್ಲಿ ತೋರಿದ ಪರಾಕ್ರಮಕ್ಕೆ ಮೆಚ್ಚುಗೆಯಾಗಿ ಕಾಳಿ ಎಂಬ ಬೇಟೆನಾಯಿಯನ್ನೇ ಬೇಡಿ ಪಡೆದನೆಂದೂ, ಆ ಕಾಳಿಯು ಕಾಡುಹಂದಿಯೊಂದರ ಮೇಲೆ ಬಿದ್ದು ಹೋರಾಡಲು ಎರಡೂ ಒಂದನ್ನೊಂದು ಕೊಂದು ಸತ್ತವೆಂದೂ, ಅದರ ನೆನಪಿಗೆ ಕಲ್ಲನ್ನು ನಿಲ್ಲಿಸಿ ಅದರ ಪೂಜೆಗೆ ಭೂಮಿಯನ್ನು ಬಿಡಲಾಯಿತೆಂದೂ, ಆ ಕಲ್ಲನ್ನು ಪೂಜಿಸದೆ ಉಣ್ಣುವ ಗೊರವನಿಗೆ ಪಾಪ ತಟ್ಟುವುದೆಂದೂ ಶಾಸನವು ಹೇಳುತ್ತದೆ. ನಾಯಿಯೊಂದರ ನಿಮಿತ್ತವಾಗಿ ಕನ್ನಡಿಗರು ಏರ್ಪಡಿಸಿದ ದತ್ತಿಗೆ ಇದಕ್ಕಿಂತ ಪ್ರಾಚೀನವೂ ಸ್ಪಷ್ಟವೂ ಆದ ನಿದರ್ಶನವನ್ನು ನಾನು ಕಂಡಿಲ್ಲ.

ಆ ದತ್ತಿಯ ಸ್ವರೂಪವನ್ನು ಸ್ವಲ್ಪ ಯೋಚಿಸಿ ನೋಡಬೇಕು. ದಾನಿಯು ಒಂದು ದಿನದ ಅನ್ನಸಂತರ್ಪಣೆಯನ್ನು ನಡೆಸಿ ಕೃತಾರ್ಥನಾದೆನೆಂದು ತಿಳಿಯಲಿಲ್ಲ. ವರ್ಷವರ್ಷವೂ ಬೆಳೆ ಕೊಡುವ ನೆಲವನ್ನು ಬಿಟ್ಟನು, ಆ ಬೆಳೆಯನ್ನು ಉಣ್ಣುವವನ ಮೇಲೆ ನಿತ್ಯಕರ್ತವ್ಯವೊಂದನ್ನು ಹೊರಿಸಿದನು, ಕರ್ತವ್ಯವನ್ನು ತಪ್ಪಿದವನಿಗೆ ಶಾಪವನ್ನೂ ಬರೆಯಿಸಿದನು. ಎಂದರೆ, ಪ್ರೀತಿಯು ಬಾಳಬೇಕಾದರೆ ಅದಕ್ಕೆ ಆದಾಯವೂ ಬೇಕು, ಲೆಕ್ಕವೂ ಬೇಕು, ಲೆಕ್ಕ ಕೇಳುವ ಅಧಿಕಾರವೂ ಬೇಕು ಎಂಬ ವಿವೇಕವು ಹತ್ತನೆಯ ಶತಮಾನದ ಆ ಯೋಧನಲ್ಲಿ ಇದ್ದಿತು. ಬೀದಿಯಲ್ಲಿ ಹುಟ್ಟಿ ಬೀದಿಯಲ್ಲಿ ಸಾಯುವ, ಹೆಸರಿಲ್ಲದ ಸಾವಿರಾರು ನಾಯಿಗಳ ಸಂತತಿಯನ್ನು ಹಿಂಸೆಯಿಲ್ಲದೆ ಮಿತಿಯಲ್ಲಿಡುವ ಕಾರ್ಯಕ್ಕೆ ನಮ್ಮ ಕಾಲದಲ್ಲಿ ಹಣ ಒದಗಿದ ಕಥೆಯನ್ನು ಈ ಸ್ಮರಣ ಸಂಚಿಕೆಗೆ ಬರೆಯಹೊರಟಾಗ ನನಗೆ ಮೊದಲು ನೆನಪಾದುದು ಆ ಕಲ್ಲು.

ತಮಿಳುನಾಡಿನ ತೇನಿ ಜಿಲ್ಲೆಯ ಕಾಮಯಗೌಂಡನ್‌ಪಟ್ಟಿಯಲ್ಲಿ ಕುಳಿತು ಈ ವಿಷಯವನ್ನು ಬರೆಯುವವನಿಗೆ ಎರಡನೆಯದಾಗಿ ನೆನಪಾಗತಕ್ಕದ್ದು ಕಂಬಂ ಪಟ್ಟಣದ ದೊಡ್ಡಿ. ಕನ್ನಡ ನಾಡಿನಿಂದ ಎಂದೋ ತೆಂಕಲಿಗೆ ಬಂದು ಈ ಕಣಿವೆಯಲ್ಲಿ ನೆಲಸಿ, ಸುತ್ತಲೂ ತಮಿಳು ತುಂಬಿರುವಾಗಲೂ ಮನೆಯೊಳಗೆ ಕನ್ನಡವನ್ನು ಉಳಿಸಿಕೊಂಡ ಒಕ್ಕಲಿಗರು, ನಂದಗೋಪಾಲಸ್ವಾಮಿಯ ಹೆಸರಿನಲ್ಲಿ ಅಲ್ಲಿ ತಲೆಮಾರುಗಳಿಂದ ಒಂದು ಗೋಸಮೂಹವನ್ನು ಕಾಪಾಡುತ್ತ ಬಂದಿದ್ದಾರೆ. ತಮಿಳಿನಲ್ಲಿ ಅದಕ್ಕೆ ‘ತಂಬಿರಾನ್ ಮಾಡು’ ಎಂದು ಹೆಸರು. ನಮ್ಮ ಮಾತಿನಲ್ಲಿ ಅದು ‘ದೇವರ ಆವು’, ಅದರ ಮುಂದಾಳುವಾದ ಹೋರಿ ‘ಪಟ್ಟದ ಆವು’. 1909ರಲ್ಲಿ ಪ್ರಕಟವಾದ ಎಡ್ಗರ್ ಥರ್ಸ್ಟನ್ನರ ಗ್ರಂಥದಲ್ಲಿಯೇ ಈ ಹೆಸರುಗಳೂ, ಪಟ್ಟದ ಆವು ತೀರಿಕೊಂಡ ಮೇಲೆ ಹಿಂಡಿನ ಮುಂದೆ ಕಬ್ಬಿನ ಕಟ್ಟನ್ನು ಇರಿಸಿ, ಮೊದಲು ಬಂದು ಅದಕ್ಕೆ ಬಾಯಿ ಹಾಕಿದ ಹೋರಿಗೆ ಪಟ್ಟ ಕಟ್ಟುವ ಪದ್ಧತಿಯೂ ದಾಖಲಾಗಿವೆ. ಸಂಕ್ರಾಂತಿಯ ಮರುದಿನ, ಮಾಟ್ಟುಪ್ಪೊಂಗಲಿನಂದು, ಸುತ್ತಣ ಊರುಗಳ ಜನ ಅಲ್ಲಿ ನೆರೆಯುತ್ತಾರೆ. ಹರಕೆ ಹೊತ್ತವರು ಕರುವನ್ನು ತಂದು ಒಪ್ಪಿಸುತ್ತಾರೆ. ಉಳಿದವರು ಕೈಲಾದ ಕಾಣಿಕೆಯನ್ನು ಇಟ್ಟು ಕೈಮುಗಿಯುತ್ತಾರೆ. ಯಾವನೊಬ್ಬನ ಸ್ವತ್ತೂ ಅಲ್ಲದ ಪ್ರಾಣಿಗಳನ್ನು ಎಲ್ಲರ ಹಣದಿಂದ ಸಾಕುವ ಅಭ್ಯಾಸವನ್ನು ಈ ಕಣಿವೆಯವರು ಯಾರಿಂದಲೂ ಹೊಸದಾಗಿ ಕಲಿಯಬೇಕಾಗಿಲ್ಲವೆಂಬುದಕ್ಕೆ ಆ ದೊಡ್ಡಿಯೇ ಪ್ರಮಾಣ.

ಆದರೂ ಗೋವಿಗೆ ಕೊಡುವ ಕೈ ನಾಯಿಯ ಸಂತಾನ ನಿಯಂತ್ರಣಕ್ಕೆ ಅಷ್ಟು ಸುಲಭವಾಗಿ ಚಾಚುವುದಿಲ್ಲ. ಇದಕ್ಕೆ ನಾಯಿಯನ್ನು ಕುರಿತ ತಾತ್ಸಾರವೊಂದೇ ಕಾರಣವೆಂದು ನಾನು ಭಾವಿಸಿಲ್ಲ. ಹಸಿದ ಪ್ರಾಣಿಗೆ ಅನ್ನವಿಟ್ಟರೆ ಅದು ಉಣ್ಣುವುದನ್ನು ಕಣ್ಣಾರೆ ಕಾಣಬಹುದು; ಗಾಯಗೊಂಡ ಪ್ರಾಣಿಗೆ ಔಷಧ ಹಾಕಿಸಿದರೆ ಅದು ಎದ್ದು ನಡೆಯುವುದನ್ನು ಕಾಣಬಹುದು; ಆದರೆ ಸಂತಾನಹರಣ ಶಸ್ತ್ರಚಿಕಿತ್ಸೆಗೆ ಕೊಟ್ಟ ಹಣದ ಫಲವೆಂದರೆ ಹುಟ್ಟದೆ ಉಳಿದ ಮರಿಗಳು, ಚರಂಡಿಯ ದಂಡೆಯ ಮೇಲೆ ನರಳಿ ಸಾಯದೆ ಉಳಿದ ಮರಿಗಳು, ಯಾವ ಮಗುವಿನ ಕಾಲಿಗೂ ಬೀಳದೆ ಹೋದ ಕಡಿತ. ಇವು ಒಂದೂ ಕಣ್ಣಿಗೆ ಕಾಣುವಂಥವಲ್ಲ. ನಡೆಯದೆ ಹೋದ ದುಃಖವನ್ನು ತೋರಿಸಿ ದೇಣಿಗೆ ಕೇಳುವುದು ಕಷ್ಟ, ಅದನ್ನು ನಂಬಿ ಕೊಡುವುದು ಇನ್ನೂ ಕಷ್ಟ. ಕಾಣದ ಫಲಕ್ಕೆ ಕಾಣಿಕೆ ಇಡುವುದನ್ನು ಕೆಲವರು ತಾವು ಕಲಿತು, ಅನಂತರ ಸಮಾಜಕ್ಕೂ ಕಲಿಸಿದರು; ಈ ಕಾರ್ಯಕ್ಕೆ ನಿಂತ ಸಂಸ್ಥೆಗಳ ಇತಿಹಾಸದ ಸಾರವೇ ಅದು.

ಒಕ್ಕಲುತನ ಮಾಡುವವನಿಗೆ ಈ ತತ್ತ್ವವು ಅಪರಿಚಿತವೇನೂ ಆಗಬೇಕಾಗಿಲ್ಲ. ಕಾಮಯಗೌಂಡನ್‌ಪಟ್ಟಿಯ ಸುತ್ತ ಪನ್ನೀರ್ ದ್ರಾಕ್ಷಿ ಬೆಳೆಯುವ ರೈತನು ಹಸುರಾಗಿ ಹಬ್ಬಿದ ಬಳ್ಳಿಯನ್ನು ತನ್ನ ಕೈಯಾರೆ ಸವರುತ್ತಾನೆ. ಸವರದೆ ಬಿಟ್ಟ ಬಳ್ಳಿ ಎಲೆಯಲ್ಲಿಯೇ ತನ್ನ ಸತ್ತ್ವವನ್ನು ಕಳೆದುಕೊಳ್ಳುವುದೆಂದು ಅವನು ಬಲ್ಲನು. ಉಳುವ ಎತ್ತಿಗಾಗಿ ಹೋರಿಯ ಬೀಜ ಒಡೆಸುವುದನ್ನೂ ಅವನು ಬಲ್ಲನು. ಜೀವದ ಉಕ್ಕನ್ನು ಮಿತಿಯಲ್ಲಿಡುವುದು ಜೀವದ್ವೇಷವಲ್ಲವೆಂಬುದು ಹೊಲದಲ್ಲಿ ಎಂದೋ ಒಪ್ಪಿದ ಮಾತು. ಅದು ಬೀದಿಗೆ ಬಂದುದು ಮಾತ್ರ ಈಚೆಗೆ.

ಬೀದಿಯ ನಾಯಿಗೂ ಸಾರ್ವಜನಿಕ ದೇಣಿಗೆಗೂ ದಕ್ಷಿಣದಲ್ಲಿ ಮೊದಲು ಸಂಬಂಧ ಬೆಳೆದುದು ಭಯದ ದಾರಿಯಿಂದ. ಹುಚ್ಚುನಾಯಿ ಕಡಿದವರು ಚಿಕಿತ್ಸೆಗಾಗಿ 1900ರಲ್ಲಿ ಸ್ಥಾಪಿತವಾದ ಹಿಮಾಲಯದ ತಪ್ಪಲಿನ ಕಸೌಲಿಯ ಸಂಸ್ಥೆಗೆ ಹೋಗಬೇಕಾಗಿದ್ದ ಕಾಲದಲ್ಲಿ, ಅಷ್ಟು ದೂರ ಪ್ರಯಾಣ ಮಾಡುವಷ್ಟರಲ್ಲಿ ವಿಷವೇರಿ ಸಾಯುತ್ತಿದ್ದವರ ಸಂಕಟವನ್ನು ಕಂಡು, ನೀಲಗಿರಿಯ ಕೂನೂರಿನಲ್ಲಿ 1907ರಲ್ಲಿ ಪ್ಯಾಸ್ಟರ್ ಸಂಸ್ಥೆಯನ್ನು ತೆರೆದರು. ಅಮೆರಿಕದ ಹೆನ್ರಿ ಫಿಪ್ಸ್ ಎಂಬ ದಾನಿಯು ಲಾರ್ಡ್ ಕರ್ಜನ್ನರ ಕೈಗೆ ಒಪ್ಪಿಸಿದ್ದ ದೊಡ್ಡ ಮೊತ್ತದ ಒಂದು ಭಾಗವು ಅದರ ಕಟ್ಟಡಕ್ಕೆ ಒದಗಿತು. ಕಡಿಸಿಕೊಂಡವನನ್ನು ಬದುಕಿಸುವ ಆ ಸಂಸ್ಥೆಯ ಉಪಕಾರ ಅಪಾರವಾದುದು. ಆದರೆ ಕಚ್ಚುವ ನಾಯಿಯ ವಿಷಯದಲ್ಲಿ ಆಗಿನ ನಗರಸಭೆಗಳಿಗೆ ತಿಳಿದಿದ್ದ ಉಪಾಯ ಒಂದೇ: ಹಿಡಿಯುವುದು, ಕೊಲ್ಲುವುದು. ಮದರಾಸಿನಲ್ಲಿ ಆ ಪದ್ಧತಿಯು ಹತ್ತೊಂಬತ್ತನೆಯ ಶತಮಾನದಲ್ಲಿ ಮೊದಲಾಗಿ ನೂರು ವರ್ಷಗಳಿಗೂ ಮೀರಿ ನಡೆಯಿತು.

ಆ ಪದ್ಧತಿಗೆ ಎದುರಾಗಿ ನಿಂತ ಕುಟುಂಬಕ್ಕೂ ನಮ್ಮ ಕನ್ನಡ ನಾಡಿಗೂ ಇದ್ದ ನಂಟನ್ನು ಇಲ್ಲಿ ಹೇಳದಿರಲಾರೆ. ಕ್ಯಾಪ್ಟನ್ ವಿ. ಸುಂದರಂ ಅವರು ಮೈಸೂರು ಮಹಾರಾಜರ ವಿಮಾನವನ್ನು ನಡೆಸುತ್ತಿದ್ದ ವೈಮಾನಿಕರು; ಅವರ ಪತ್ನಿ ಉಷಾ ಸುಂದರಂ ಅವರು ಬೆಂಗಳೂರಿನ ಜಕ್ಕೂರಿನಲ್ಲಿ ಸರ್ಕಾರವು ತೆರೆದ ವಿಮಾನ ಹಾರಾಟದ ಶಾಲೆಯಿಂದ 1949ರಲ್ಲಿ ಉತ್ತೀರ್ಣರಾದ ಮೊದಲ ಮಹಿಳೆ. ಈ ದಂಪತಿಗಳು ಮದರಾಸಿನಲ್ಲಿ ನೆಲಸಿದ ಮೇಲೆ, 1959ರ ಮಳೆಯಲ್ಲಿ ಪ್ರವಾಹಕ್ಕೆ ಸಿಕ್ಕಿದ್ದ ಎರಡು ನಾಯಿಮರಿಗಳನ್ನು ಕ್ಯಾಪ್ಟನ್ ಸುಂದರಂ ಅವರು ಎತ್ತಿ ಮನೆಗೆ ತಂದರು. ಆ ಮನೆಯಲ್ಲಿಯೇ, ಆ ವರ್ಷವೇ, ಬ್ಲೂ ಕ್ರಾಸ್ ಆಫ್ ಇಂಡಿಯಾ ಸಂಸ್ಥೆಯು ಜನ್ಮ ತಾಳಿತು. ಮೊದಲ ಆಶ್ರಯವು ಮನೆಯ ಅಂಗಳ, ಮೊದಲ ಸೇವಕರು ಮನೆಯ ಮಕ್ಕಳು, ಮೊದಲ ಬೊಕ್ಕಸವು ಸಂಸಾರದ ಹಣದ ಚೀಲ. ಮಹಾಸಂಸ್ಥೆಗಳ ಮೂಲವನ್ನು ಹುಡುಕುತ್ತ ಹೋದರೆ ಕೊನೆಗೆ ಒಂದು ಅಡುಗೆಮನೆಗೆ ಬಂದು ತಲಪುವುದು ಅನೇಕ ವೇಳೆ ಉಂಟು.

1964ರಲ್ಲಿ ಬ್ಲೂ ಕ್ರಾಸಿನವರು ಬೀದಿನಾಯಿಗಳಿಗೆ ಸಂತಾನಹರಣ ಮಾಡಿ, ಹುಚ್ಚುರೋಗದ ಲಸಿಕೆ ಹಾಕಿ, ಹಿಡಿದ ಜಾಗಕ್ಕೇ ಮರಳಿ ಬಿಡುವ ಯೋಜನೆಯನ್ನು ಆರಂಭಿಸಿದರು. ಸುಂದರಂ ದಂಪತಿಗಳ ಮಗನೂ ಎಂಜಿನಿಯರರೂ ಆದ ಡಾ. ಚಿನ್ನಿ ಕೃಷ್ಣ ಅವರು ಅದಕ್ಕೆ ‘ಅನಿಮಲ್ ಬರ್ತ್ ಕಂಟ್ರೋಲ್’ ಎಂದು ಹೆಸರಿಟ್ಟರು. ಮೊದಲಕ್ಷರಗಳನ್ನು ಕೂಡಿಸಿದರೆ ಎ-ಬಿ-ಸಿ ಆಗುವುದರಿಂದ, ಅಕ್ಷರಮಾಲೆಯಷ್ಟೇ ಸರಳವಾದ ಕೆಲಸವಿದು ಎಂದು ಅಧಿಕಾರಿಗಳಿಗೆ ಮನದಟ್ಟಾಗಲೆಂಬುದು ಅವರ ಆಶಯ. ಆದರೆ ಆ ಸರಳ ಪಾಠವನ್ನು ನಗರಸಭೆಯು ಒಪ್ಪುವುದಕ್ಕೆ ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಬೇಕಾಯಿತು. ಅಷ್ಟು ದಿನವೂ ಆ ಕೆಲಸವು ಖಾಸಗಿ ದೇಣಿಗೆಯ ಆಧಾರದ ಮೇಲೆಯೇ ನಿಂತಿತು. ಇತ್ತ ಕೊಲ್ಲುವ ಕೆಲಸಕ್ಕೆ ಸಾರ್ವಜನಿಕರ ತೆರಿಗೆಯ ಹಣವು ತಪ್ಪದೆ ಸಲ್ಲುತ್ತಿದ್ದಿತು. 1990ರ ದಶಕದ ಮಧ್ಯಭಾಗಕ್ಕೆ ಒಂದೊಂದು ದಿನಕ್ಕೆ 135 ನಾಯಿಗಳವರೆಗೆ ಕೊಲ್ಲುತ್ತಿದ್ದರೂ ಬೀದಿಯಲ್ಲಿ ನಾಯಿಗಳ ಸಂಖ್ಯೆ ಇಳಿಯಲಿಲ್ಲವೆಂಬುದನ್ನು ಚಿನ್ನಿ ಕೃಷ್ಣ ಅವರು ತಮ್ಮ ಲೇಖನಗಳಲ್ಲಿ ಮತ್ತೆ ಮತ್ತೆ ಎತ್ತಿ ತೋರಿಸಿದ್ದಾರೆ.

ಇಳಿಯದಿದ್ದುದಕ್ಕೆ ಕಾರಣ ನಿಗೂಢವಾದುದಲ್ಲ. ಒಂದು ಬೀದಿಯ ನಾಯಿಗಳನ್ನು ತೆಗೆದುಬಿಟ್ಟರೆ ಆ ಬೀದಿಯ ಎಂಜಲೂ ಕಸವೂ ಹಾಗೆಯೇ ಉಳಿಯುತ್ತವೆ. ನೆರೆಯ ಬೀದಿಯ ನಾಯಿಗಳು ಆ ತೆರವಾದ ಜಾಗಕ್ಕೆ ಬರುತ್ತವೆ. ಹೊಟ್ಟೆ ತುಂಬ ಸಿಕ್ಕಿದ ಹೆಣ್ಣುನಾಯಿ ಗಬ್ಬವಾಗಿ ಸುಮಾರು ಅರುವತ್ತಮೂರು ದಿನಗಳಲ್ಲಿ ಈಯುತ್ತದೆ. ಸಂತಾನಹರಣವಾಗಿ ಲಸಿಕೆ ಹೊಂದಿದ ನಾಯಿಯಾದರೋ ತನ್ನ ನೆಲೆಯನ್ನು ತಾನೇ ಕಾಯುತ್ತದೆ, ಹೊರಗಿನದನ್ನು ಒಳಗೆ ಬಿಡಗೊಡುವುದಿಲ್ಲ, ಮರಿಯನ್ನೂ ಹಾಕುವುದಿಲ್ಲ, ರೋಗವನ್ನೂ ಹರಡುವುದಿಲ್ಲ. 1996ರಲ್ಲಿ ಚೆನ್ನೈ ನಗರವು ಕೊಲ್ಲುವುದನ್ನು ಬಿಟ್ಟು ಈ ಮಾರ್ಗವನ್ನು ಹಿಡಿಯಿತು. ಆ ವರ್ಷ ಅಲ್ಲಿ 120ರಷ್ಟಿದ್ದ ಮನುಷ್ಯರ ರೇಬಿಸ್ ಮರಣಗಳು ಒಂದು ದಶಕದೊಳಗಾಗಿ ಒಂದಂಕಿಗೆ ಇಳಿದುವು. ಮೂರು ದಶಕಗಳ ಕಾಲ ಕಾಣದ ಫಲವನ್ನು ನಂಬಿ ಬ್ಲೂ ಕ್ರಾಸಿನ ಪೆಟ್ಟಿಗೆಗೆ ಕಾಸು ಹಾಕಿದವರ ಶ್ರದ್ಧೆಗೆ ಅಂಕಿಗಳ ರೂಪದ ಸಾಕ್ಷ್ಯವು ಆಗ ದೊರೆಯಿತು.

ಈ ನಡುವೆ ಕಾನೂನಿನ ಕಡೆಯಿಂದಲೂ ಒಂದು ತಳಹದಿಯು ಬಿದ್ದಿತ್ತು. ಮಧುರೆಯಲ್ಲಿ 1904ರಲ್ಲಿ ಜನಿಸಿ, ಕಲಾಕ್ಷೇತ್ರದ ಸ್ಥಾಪಕರೆಂದು ಲೋಕವಿಖ್ಯಾತರಾದ ಶ್ರೀಮತಿ ರುಕ್ಮಿಣೀದೇವಿ ಅರುಂಡೇಲ್ ಅವರು ರಾಜ್ಯಸಭೆಯ ಸದಸ್ಯರಾಗಿದ್ದಾಗ ಪ್ರಾಣಿಹಿಂಸೆಯನ್ನು ತಡೆಯುವ ಮಸೂದೆಯೊಂದನ್ನು ಸ್ವತಃ ಮಂಡಿಸಿದರು. ಆ ಪ್ರಯತ್ನದ ಫಲವಾಗಿ 1960ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆಯೂ, ಅದರ ಅಡಿಯಲ್ಲಿ 1962ರಲ್ಲಿ ಭಾರತೀಯ ಪ್ರಾಣಿ ಕಲ್ಯಾಣ ಮಂಡಲಿಯೂ ಹುಟ್ಟಿದುವು. ಮಂಡಲಿಗೆ ಅವರೇ ಮೊದಲ ಅಧ್ಯಕ್ಷಿಣಿ. 2018ರಲ್ಲಿ ಹರಿಯಾಣಕ್ಕೆ ಸ್ಥಳಾಂತರವಾಗುವವರೆಗೂ ಅದರ ಕಾರ್ಯಾಲಯವು ಮದರಾಸಿನಲ್ಲಿಯೇ ಇದ್ದಿತು. ತೇನಿಯು ಪ್ರತ್ಯೇಕ ಜಿಲ್ಲೆಯಾಗುವುದಕ್ಕೆ ಮುಂಚೆ ನಮ್ಮ ಕಣಿವೆಯು ಮಧುರೆಯ ಜಿಲ್ಲೆಗೆ ಸೇರಿದ್ದುದಾದುದರಿಂದ, ಆ ಮಹಿಳೆಯನ್ನು ನಮ್ಮ ಸೀಮೆಯ ಮಗಳೆಂದು ಹೇಳಿಕೊಳ್ಳುವ ಸಲುಗೆ ನಮಗೆ ಉಂಟು.

ಬ್ಲೂ ಕ್ರಾಸ್ ಹುಟ್ಟಿದ 1959ರಲ್ಲಿಯೇ ದೆಹಲಿಯಲ್ಲಿ ಕ್ರಿಸ್ಟಲ್ ರಾಜರ್ಸ್ ಎಂಬ ಆಂಗ್ಲ ಮಹಿಳೆಯೂ ಪ್ರಾಣಿಗಳಿಗೆ ಒಂದು ಆಶ್ರಯವನ್ನು ತೆರೆದರು. ಆಕೆ 1980ರಲ್ಲಿ ಜಯಪುರದಲ್ಲಿ ‘ಹೆಲ್ಪ್ ಇನ್ ಸಫರಿಂಗ್’ ಎಂಬ ಸಂಸ್ಥೆಯನ್ನು ಕಟ್ಟಿ, ಅದು ತನ್ನ ಕಾಲ ಮೇಲೆ ನಿಂತಮೇಲೆ ಇನ್ನೊಬ್ಬರ ಕೈಗೆ ಒಪ್ಪಿಸಿ, ವಿಶ್ರಾಂತಿಯ ವಯಸ್ಸಿನಲ್ಲಿ ಬೆಂಗಳೂರಿಗೆ ಬಂದು 1991ರಲ್ಲಿ ‘ಕಂಪ್ಯಾಷನ್ ಅನ್‌ಲಿಮಿಟೆಡ್ ಪ್ಲಸ್ ಆಕ್ಷನ್’ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಬೆಂಗಳೂರಿಗರು ಅದನ್ನು ‘ಕ್ಯೂಪಾ’ ಎಂದು ಕರೆಯುತ್ತಾರೆ. ಅನುಕಂಪಕ್ಕೆ ಮಿತಿಯಿಲ್ಲ, ಆದರೆ ಅದರೊಡನೆ ಕ್ರಿಯೆಯೂ ಕೂಡಬೇಕು ಎಂಬ ಆ ಹೆಸರಿನ ಅಭಿಪ್ರಾಯವೇ ಆಕೆಯ ಬಾಳಿನ ಸೂತ್ರವೆನ್ನಬಹುದು. 1996ರಲ್ಲಿ ಆಕೆ ತೀರಿಕೊಂಡರು. ಆಕೆ ಬಿಟ್ಟುಬಂದ ಜಯಪುರದ ಸಂಸ್ಥೆಯು 1994ರ ನವೆಂಬರಿನಿಂದ 2002ರ ಡಿಸೆಂಬರಿನವರೆಗೆ 24,986 ನಾಯಿಗಳನ್ನು ಈ ಕಾರ್ಯಕ್ರಮಕ್ಕೆ ಒಳಪಡಿಸಿತು. ಆ ಪ್ರದೇಶದ ಹೆಣ್ಣುನಾಯಿಗಳಲ್ಲಿ ಶೇಕಡ 65ರಷ್ಟಕ್ಕೆ ಶಸ್ತ್ರಕ್ರಿಯೆಯೂ ಲಸಿಕೆಯೂ ಆಗಿದ್ದುವು. ನಾಯಿಗಳ ಸಂಖ್ಯೆ ಶೇಕಡ 28ರಷ್ಟು ಇಳಿಯಿತು. ಆ ಪ್ರದೇಶದಲ್ಲಿ ಮನುಷ್ಯರ ರೇಬಿಸ್ ಇಲ್ಲವಾಯಿತು. ಪಶುವೈದ್ಯರ ವಿಜ್ಞಾನಪತ್ರಿಕೆಯಲ್ಲಿ 2006ರಲ್ಲಿ ಪ್ರಕಟವಾದ ಈ ಲೆಕ್ಕವನ್ನು ದೇಣಿಗೆ ಕೇಳಲು ಹೊರಟ ಪ್ರತಿಯೊಬ್ಬನೂ ಕಂಠಪಾಠ ಮಾಡಿಕೊಂಡು ಹೋಗಬೇಕು. ಏಕೆಂದರೆ ಕಾಣದ ಫಲವನ್ನು ಎಣಿಸಿ ಕಾಣುವಂತೆ ಮಾಡಿದುದೇ ಅದರ ಮಹತ್ತ್ವ.

ಈಗ ಹಣದ ವಿಚಾರವನ್ನೇ ನೇರವಾಗಿ ಎತ್ತಿಕೊಳ್ಳೋಣ. ಒಂದು ನಾಯಿಯ ಸಂತಾನಹರಣವೆಂದರೆ ಹೊರಗಿನವರಿಗೆ ಶಸ್ತ್ರವೈದ್ಯನ ಅರ್ಧ ಗಂಟೆಯ ಕೆಲಸವಾಗಿ ತೋರುತ್ತದೆ. ಆದರೆ ಆ ಅರ್ಧ ಗಂಟೆಗೆ ಮೊದಲು ಬಲೆ ಹಿಡಿದು ನಸುಕಿನಲ್ಲಿಯೇ ಹೊರಡುವ ಜನ ಬೇಕು, ಗಾಡಿ ಬೇಕು, ಆ ಗಾಡಿಗೆ ಎಣ್ಣೆ ಬೇಕು. ಹಿಡಿದ ನಾಯಿಗೆ ಬೇರೆ ಬೇರೆ ಗೂಡು ಬೇಕು, ಉಪವಾಸವಿರಿಸಿ ಪರೀಕ್ಷಿಸುವವರು ಬೇಕು, ಅರಿವಳಿಕೆಯ ಔಷಧ ಬೇಕು. ಅನಂತರ ಹೊಲಿಗೆಯ ದಾರ, ಲಸಿಕೆ, ಗಾಯ ಮಾಯುವವರೆಗೆ ನಾಲ್ಕು ದಿನಗಳ ಅನ್ನ, ಗೂಡು ತೊಳೆಯುವ ಕೈ, ಕೊನೆಗೆ ಹಿಡಿದ ಜಾಗಕ್ಕೇ ಕರೆದೊಯ್ದು ಬಿಡುವ ಪ್ರಯಾಣ. ಶಸ್ತ್ರಕ್ರಿಯೆಯಾದ ಗುರುತಿಗೆ ಕಿವಿಯ ತುದಿಯನ್ನು ಸ್ವಲ್ಪ ಕತ್ತರಿಸಿರುತ್ತಾರೆ; ಬೀದಿಯಲ್ಲಿ ಅಂಥ ಕಿವಿಯ ನಾಯಿಯನ್ನು ಕಂಡಾಗ, ಯಾರೋ ಅಪರಿಚಿತರು ಅದಕ್ಕಾಗಿ ತಮ್ಮ ದುಡಿಮೆಯ ಒಂದಂಶವನ್ನು ಕೊಟ್ಟಿದ್ದಾರೆಂದು ತಿಳಿಯತಕ್ಕದ್ದು. ಪ್ರಾಣಿ ಕಲ್ಯಾಣ ಮಂಡಲಿಯು ಬಹುಕಾಲ ಸಂಸ್ಥೆಗಳಿಗೆ ನಿಗದಿ ಮಾಡಿದ್ದ ಸಹಾಯಧನವು ನಾಯಿಯೊಂದಕ್ಕೆ 445 ರೂಪಾಯಿ; ಅದರಲ್ಲಿ 370 ರೂಪಾಯಿ ಶಸ್ತ್ರಕ್ರಿಯೆ, ಔಷಧ, ಆಹಾರಗಳಿಗೂ, 75 ರೂಪಾಯಿ ಹಿಡಿದು ತಂದು ಮರಳಿ ಬಿಡುವುದಕ್ಕೂ ಎಂದು ವಿಭಾಗವಾಗಿದ್ದಿತು. ಖರ್ಚು ಈ ಮೊತ್ತವನ್ನು ಮೀರಿದಾಗಲೆಲ್ಲ ನಡುವಣ ಅಂತರವನ್ನು ತುಂಬಬೇಕಾದುದು ಸಮಾಜದ ದೇಣಿಗೆ.

ಆ ಅಂತರವನ್ನು ತುಂಬಲು ಸಂಸ್ಥೆಗಳು ಹಿಡಿದ ಮಾರ್ಗಗಳು ಹಲವು. ತಿಂಗಳ ಚಂದಾದಾರರನ್ನು ಕೂಡಿಸಿದವರುಂಟು. ಒಂದು ನಾಯಿಯ ಪೂರ್ಣ ಖರ್ಚನ್ನು ಒಬ್ಬರೇ ಹೊರುವ ಏರ್ಪಾಟನ್ನು ಮಾಡಿದವರುಂಟು. ಮನೆಯಲ್ಲಿ ಬೇಡವಾದ ಬಟ್ಟೆ, ಪುಸ್ತಕ, ಪಾತ್ರೆಗಳನ್ನು ಬೇಡಿ ತಂದು ಮಾರಿ ಹಣ ಕೂಡಿಸಿದವರುಂಟು. ಮಕ್ಕಳ ಹುಟ್ಟುಹಬ್ಬಕ್ಕೂ ಹಿರಿಯರ ಪುಣ್ಯತಿಥಿಗೂ ಒಂದು ದಿನದ ಶಸ್ತ್ರಕ್ರಿಯೆಯ ವೆಚ್ಚವನ್ನು ವಹಿಸಿಕೊಳ್ಳಿರೆಂದು ಮನೆ ಮನೆಯ ಬಾಗಿಲಿಗೆ ಹೋದವರುಂಟು. ಇವರೆಲ್ಲರಿಗೂ ಎದುರಾದ ತೊಡಕು ಒಂದೇ ಬಗೆಯದು. ಕಟ್ಟಡಕ್ಕೆ ಹಣ ಸುಲಭವಾಗಿ ಹುಟ್ಟುತ್ತದೆ, ಏಕೆಂದರೆ ಕಟ್ಟಡದ ಗೋಡೆಯ ಮೇಲೆ ದಾನಿಯ ಹೆಸರು ಕೆತ್ತಿಸಿದ ಕಲ್ಲು ಕೂಡುತ್ತದೆ. ಗಾಡಿಗೂ ಹಣ ಹುಟ್ಟುತ್ತದೆ, ಅದರ ಬದಿಯ ಮೇಲೆ ಹೆಸರು ಬರೆಸಬಹುದು. ಹೊಲಿಗೆಯ ದಾರಕ್ಕೂ, ಗೂಡು ತೊಳೆಯುವವನ ಸಂಬಳಕ್ಕೂ ಹಣ ಕೇಳಿದರೆ ಮಾತ್ರ ದಾನಿಯ ಮುಖದಲ್ಲಿ ಉತ್ಸಾಹವು ಕುಂದುತ್ತದೆ. ಹೀಗಾಗಿ ಒಳ್ಳೆಯ ಶಸ್ತ್ರಾಲಯವಿದ್ದೂ ದಿನದ ವೆಚ್ಚಕ್ಕೆ ಗತಿಯಿಲ್ಲದೆ ಬೀಗ ಬೀಳುವ ಪ್ರಸಂಗವು ಯಾವ ಊರಿಗೂ ಬರಬಹುದು.

ಬೇರೆ ಧರ್ಮಕಾರ್ಯಗಳಲ್ಲಿ ಹಣ ನಿಂತರೆ ಕೆಲಸವು ನಿಂತಲ್ಲಿ ನಿಲ್ಲುತ್ತದೆ. ಇಲ್ಲಿ ಹಣ ನಿಂತರೆ ಮಾಡಿದ ಕೆಲಸವೂ ಅಳಿಸಿಹೋಗುತ್ತದೆ. ಅರ್ಧ ಕಟ್ಟಿದ ಶಾಲೆಯು ಮುಂದಿನ ದಾನಿಗಾಗಿ ವರ್ಷಗಟ್ಟಲೆ ಕಾದಿರಬಲ್ಲುದು. ಅರ್ಧ ಊರಿನ ನಾಯಿಗಳಿಗೆ ಶಸ್ತ್ರಕ್ರಿಯೆ ಮಾಡಿ ಎರಡು ವರ್ಷ ಸುಮ್ಮನಿದ್ದರೆ ಉಳಿದರ್ಧವು ಮರಿಹಾಕಿ ಬೆಳೆದು ಊರು ಮೊದಲಿನಂತೆಯೇ ಆಗುತ್ತದೆ. ರೇಬಿಸನ್ನು ತಡೆಯಬೇಕಾದರೆ ನಾಯಿಗಳಲ್ಲಿ ಶೇಕಡ 70ರಷ್ಟಕ್ಕೆ ಲಸಿಕೆ ಆಗಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುವುದರ ಮರ್ಮವೂ ಇದೇ: ನೂರಕ್ಕೆ ಮೂವತ್ತರ ಕೆಲಸಕ್ಕೆ ಮೂವತ್ತರ ಫಲವೆಂಬ ಲೆಕ್ಕ ಇಲ್ಲಿ ನಡೆಯದು. ಆದುದರಿಂದ ಒಮ್ಮೆ ಉಕ್ಕಿ ಬಂದ ಒಂದು ಲಕ್ಷ ರೂಪಾಯಿಗಿಂತ ತಿಂಗಳು ತಿಂಗಳಿಗೂ ತಪ್ಪದೆ ಬರುವ ಎಂಟು ಸಾವಿರ ರೂಪಾಯಿಯೇ ಈ ಕಾರ್ಯಕ್ಕೆ ದೊಡ್ಡ ದಾನ. ಕಾಳಿಯ ಕಲ್ಲಿಗೆ ಹಣದ ಗಂಟನ್ನು ಕೊಡದೆ ನೆಲವನ್ನು ಬಿಟ್ಟ ಮಣಲೆರನ ವಿವೇಕವು ಇಲ್ಲಿ ಸಲ್ಲತಕ್ಕದ್ದು.

ನಂಬಿಕೆಯೂ ಒಂದು ಬೊಕ್ಕಸವೇ ಎಂಬುದನ್ನು ಬೆಂಗಳೂರಿನ ಅನುಭವವು ಕಲಿಸಿತು. 2007ರ ಆರಂಭದಲ್ಲಿ ಆ ನಗರದಲ್ಲಿ ಎರಡು ಎಳೆಯ ಮಕ್ಕಳು ಬೀದಿನಾಯಿಗಳ ದಾಳಿಗೆ ಬಲಿಯಾದಾಗ ಜನರ ದುಃಖವೂ ಕೋಪವೂ ಮೇರೆಮೀರಿದುವು. ನಾಯಿಗಳನ್ನು ಕೊಲ್ಲಬೇಕೆಂಬ ಕೂಗೆದ್ದಿತು. ಈ ಕೆಲಸಕ್ಕೆ ಕೈಹಾಕಿದವರೆಲ್ಲರೂ ಉತ್ತರ ಹೇಳಬೇಕಾದ ಸ್ಥಿತಿಯುಂಟಾಯಿತು. ಮಗುವನ್ನು ಕಳೆದುಕೊಂಡ ತಾಯಿಯ ಮುಂದೆ ನಿಂತು ಅಂಕಿಗಳನ್ನು ಹೇಳುವುದು ಯಾರಿಗೂ ಸಾಧ್ಯವಲ್ಲ, ಹೇಳಲೂ ಬಾರದು. ಆ ದುಃಖವನ್ನು ಗೌರವಿಸುವ ಮಾರ್ಗವೆಂದರೆ ಕೆಲಸವನ್ನು ಇನ್ನೂ ಪೂರ್ಣವಾಗಿ, ಇನ್ನೂ ಬೇಗನೆ, ಇನ್ನೂ ಪ್ರಾಮಾಣಿಕವಾದ ಲೆಕ್ಕದೊಡನೆ ನಡೆಸುವುದು. ಮುಂದೆ ನಗರದಲ್ಲಿ ನಾಯಿಗಳ ಗಣತಿಯು ನಡೆಯಿತು: 2019ರಲ್ಲಿ ಸುಮಾರು 3,10,000 ಇದ್ದ ಬೀದಿನಾಯಿಗಳು 2023ರ ಗಣತಿಯಲ್ಲಿ ಸುಮಾರು 2,79,000ಕ್ಕೆ ಇಳಿದಿದ್ದುವು, ಸಂತಾನಹರಣವಾದವುಗಳ ಪ್ರಮಾಣವು ಶೇಕಡ 51ರಿಂದ ಶೇಕಡ 72ರ ಸಮೀಪಕ್ಕೆ ಏರಿದ್ದಿತು. ಎಣಿಸಿ, ಎಣಿಸಿದುದನ್ನು ಊರಿಗೆ ತಿಳಿಸುವ ಪದ್ಧತಿಯು ದಾನಿಯ ಶಂಕೆಗೂ ನೊಂದವನ ಪ್ರಶ್ನೆಗೂ ಏಕಕಾಲದಲ್ಲಿ ಕೊಡುವ ಉತ್ತರ.

2001ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರವು ನಾಯಿಗಳ ಸಂತಾನ ನಿಯಂತ್ರಣವನ್ನು ಕುರಿತು ನಿಯಮಗಳನ್ನು ಹೊರಡಿಸಿತು. 2023ರ ಮಾರ್ಚ್ ತಿಂಗಳಲ್ಲಿ ಅವುಗಳ ಸ್ಥಾನಕ್ಕೆ ಹೊಸ ನಿಯಮಗಳು ಬಂದುವು. ಇವುಗಳ ಪ್ರಕಾರ ಈ ಕಾರ್ಯದ ಹೊಣೆಯು ಸ್ಥಳೀಯ ಸಂಸ್ಥೆಗಳದು. ಕಾಮಯಗೌಂಡನ್‌ಪಟ್ಟಿಯಂಥ ಪಟ್ಟಣ ಪಂಚಾಯಿತಿಯೂ ಅದಕ್ಕೆ ಹೊರತಲ್ಲ. ಸರ್ಕಾರದ ಹೊಣೆಯಾದ ಮೇಲೆ ಜನರ ಕಾಣಿಕೆ ಏಕೆಂದು ಕೇಳುವವರುಂಟು. ದೇವಾಲಯಕ್ಕೆ ತಸ್ತೀಕು ಬಂದರೂ ದೀಪದ ಎಣ್ಣೆಯನ್ನು ಭಕ್ತರೇ ತರುವ ರೂಢಿ ನಮ್ಮಲ್ಲಿ ಇಲ್ಲವೆ? ಪಂಚಾಯಿತಿಯ ಹಣವು ನಿಯಮಕ್ಕೆ ಕಟ್ಟುಬಿದ್ದು ಬರತಕ್ಕದ್ದು, ಒಂದು ವರ್ಷ ಬಂದು ಇನ್ನೊಂದು ವರ್ಷ ತಡವಾಗತಕ್ಕದ್ದು. ಆ ತಡದ ತಿಂಗಳುಗಳಲ್ಲಿ ಕೆಲಸವು ಮುರಿಯದಂತೆ ಕಾಯುವುದು ಊರಿನ ಕಾಣಿಕೆ. ಜೊತೆಗೆ, ಮನೆಯಲ್ಲಿ ಸಾಕಿದ ನಾಯಿಬೆಕ್ಕುಗಳಿಗೆ ಶಸ್ತ್ರಕ್ರಿಯೆ ಮಾಡಿಸುವ ಧರ್ಮವು ಸಾಕಿದವನದೇ. ಅಷ್ಟು ಖರ್ಚು ಮಾಡಲಾರದ ಬಡಕುಟುಂಬಕ್ಕೆ ನೆರವಾಗದೆ ಹೋದರೆ, ತೋಟದ ಕಾವಲಿಗೆ ಸಾಕಿದ ಹೆಣ್ಣುನಾಯಿಯ ಮರಿಗಳು ಗೋಣಿಚೀಲದಲ್ಲಿ ಹೊರಟು ಊರಾಚೆಯ ರಸ್ತೆಯ ಮಗ್ಗುಲಿಗೆ ಸೇರುತ್ತವೆ. ಬೀದಿನಾಯಿಯ ಮೂಲವು ಅನೇಕ ವೇಳೆ ಮನೆಯ ಬಾಗಿಲೇ ಆಗಿರುತ್ತದೆ. ಬೇಟೆನಾಯಿಗಳ ಜಾತಿಯೊಂದಕ್ಕೆ ತನ್ನ ಹೆಸರನ್ನೇ ಕೊಟ್ಟ ಕೊಂಬೈ ಎಂಬ ಊರು ಈ ಜಿಲ್ಲೆಯಲ್ಲಿಯೇ ಇರುವಾಗ, ನಾಯಿಯ ಯೋಗ್ಯತೆಯನ್ನು ಅರಿಯದವರೆಂದು ಈ ಸೀಮೆಯವರನ್ನು ಯಾರೂ ಹೇಳುವಂತಿಲ್ಲ. ಬೆಲೆಯುಳ್ಳ ಜಾತಿಯ ನಾಯಿಗೆ ಸಲ್ಲುವ ಆಸ್ಥೆಯ ಒಂದು ಪಾಲು ಹೆಸರಿಲ್ಲದ ನಾಯಿಗೂ ಸಲ್ಲಬೇಕೆಂಬುದಷ್ಟೇ ಪ್ರಾರ್ಥನೆ.

ಲೆಕ್ಕವನ್ನೇ ಬೇಡುವ ಗೃಹಸ್ಥರಿಗಾಗಿ ಒಂದು ಉದಾಹರಣೆಯನ್ನು ಮುಂದಿಡುತ್ತೇನೆ. ಒಂದು ಊರಿನಲ್ಲಿ 300 ನಾಯಿಗಳೂ 3,000 ಮನೆಗಳೂ ಇವೆಯೆಂದೂ, ನಾಯಿಯೊಂದಕ್ಕೆ ಎಲ್ಲ ಸೇರಿ 1,500 ರೂಪಾಯಿ ತಗಲುವುದೆಂದೂ ಇಟ್ಟುಕೊಳ್ಳೋಣ. ಒಟ್ಟು ವೆಚ್ಚವು 4,50,000 ರೂಪಾಯಿ. ಇದನ್ನು ಒಬ್ಬ ದಾನಿಯ ಮುಂದಿಟ್ಟರೆ ಅವನು ಬೆದರುವನು. ಮನೆಯೊಂದಕ್ಕೆ ತಿಂಗಳಿಗೆ 15 ರೂಪಾಯಿಯಂತೆ ಹಂಚಿದರೆ ಹತ್ತು ತಿಂಗಳಲ್ಲಿ ಪೂರೈಸುವುದು. ಅನಂತರ ಹೊರಗಿನಿಂದ ಬಂದ ನಾಯಿಗಳಿಗೂ ವರ್ಷವರ್ಷದ ಲಸಿಕೆಗೂ ಮಾತ್ರ ಹಣ ಸಾಕು. ಹದಿನೈದು ರೂಪಾಯಿ ಇಂದು ಒಂದು ಲೋಟ ಕಾಫಿಯ ಬೆಲೆ. ಕಷ್ಟವಿರುವುದು ಹದಿನೈದನ್ನು ಕೊಡುವುದರಲ್ಲಿ ಅಲ್ಲ. ಹತ್ತನೆಯ ತಿಂಗಳಿನಲ್ಲಿಯೂ ನೆನಪಿಟ್ಟುಕೊಂಡು ಕೊಡುವುದರಲ್ಲಿ, ಕೊಟ್ಟುದನ್ನು ಊರಿನ ನಡುವೆ ಹಲಗೆಯ ಮೇಲೆ ಬರೆದು ತೋರಿಸುವುದರಲ್ಲಿ.

ಕಂಬಂನ ದೊಡ್ಡಿಯು ಇಷ್ಟು ಕಾಲ ಬಾಳಿರುವುದು ಅದಕ್ಕೆ ಯಾವನೋ ಮಹಾದಾನಿ ಗಂಟು ಕೊಟ್ಟುದರಿಂದ ಅಲ್ಲ. ಒಂದು ತಲೆಮಾರಿನ ಒಕ್ಕಲು ಮುಗಿಯುವ ಮುನ್ನವೇ ಮುಂದಿನ ತಲೆಮಾರು ಕಾಣಿಕೆ ತಂದುದರಿಂದ. ಪಟ್ಟದ ಆವು ಸತ್ತ ಮೇಲೆ ಕಬ್ಬಿನ ಕಟ್ಟನ್ನು ಇರಿಸಿ ಹೊಸದನ್ನು ಆರಿಸುವವರೆಗೂ ಹಿಂಡು ಅನಾಥವಾಗಲಿಲ್ಲ. ಬ್ಲೂ ಕ್ರಾಸಿನ ಮೂವತ್ತು ವರ್ಷಗಳ ಕಾಯುವಿಕೆಯಲ್ಲಿಯೂ, ಕಟ್ಟಿದ ಸಂಸ್ಥೆಯನ್ನು ಇನ್ನೊಬ್ಬರಿಗೊಪ್ಪಿಸಿ ಮುಂದಿನ ಊರಿಗೆ ನಡೆದ ಕ್ರಿಸ್ಟಲ್ ರಾಜರ್ಸರ ವೃದ್ಧಾಪ್ಯದಲ್ಲಿಯೂ ನಾನು ಕಾಣುವುದು ಆ ನಿರಂತರತೆಯನ್ನೇ. ಮುಂದಿನ ಮಾಟ್ಟುಪ್ಪೊಂಗಲಿನಂದು ದೇವರ ಆವುಗಳಿಗೆ ಕಾಣಿಕೆಯಿಟ್ಟು ಮರಳುವವರು, ದೊಡ್ಡಿಯ ಹೊರಗೆ ಬಿಸಿಲಿನಲ್ಲಿ ಮಲಗಿರುವ ನಾಯಿಯ ಕಿವಿಯನ್ನು ಒಮ್ಮೆ ನೋಡಲಿ. ಕಿವಿಯ ತುದಿ ಕತ್ತರಿಸಿದ್ದರೆ, ಹೆಸರು ಬಯಸದ ಯಾರೋ ನಮಗಿಂತ ಮುಂಚೆ ಈ ದಾರಿಯಲ್ಲಿ ನಡೆದಿದ್ದಾರೆ. ಕತ್ತರಿಸಿಲ್ಲದಿದ್ದರೆ, ಆ ಕಾಣಿಕೆಯನ್ನು ಇಡುವ ಸರದಿ ನಮ್ಮದು.